ಕೊನೆಯ ಎರಡು ಸೆಕ್ಟರ್

“ಡಿಸ್ಕ್ ಕೆಟ್ಟಿದೆ. ವರ್ಚುವಲ್ ಮಷೀನ್‌ನಲ್ಲಿ ಈ ತೊಂದರೆ ಕಾಣಿಸುತ್ತಿಲ್ಲ. ಇನ್ನು ಮುಂದೆ ಬಗ್ ದಾಖಲಿಸುವ ಮೊದಲು ಡಿಸ್ಕ್ ಸರಿಯಿದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.”

ಇಂಗ್ಲಿಷಿನಲ್ಲಿ ಈ ಮೂರು ವಾಕ್ಯ ಬರೆದು ನಾನೊಂದು ದೋಷವರದಿಯನ್ನು ಮುಚ್ಚಿದೆ. ಮೊದಲ ವಾಕ್ಯ ತಪ್ಪು. ಎರಡನೆಯದು ನಿಜ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಮೂರನೆಯದು ಬರೀ ಕೊಬ್ಬು. ಬರೆದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಆಗತಾನೆ ಒಳ್ಳೆಯ ಕಾಫಿ ಕುಡಿದಿದ್ದೆ, ತಲೆಯ ಮೇಲೆ ಅಂಥ ಒತ್ತಡವೂ ಇರಲಿಲ್ಲ. ಹಾಗಾಗಿ ಹೇಳಿಕೊಳ್ಳಲು ನನಗೆ ನೆಪವೂ ಇಲ್ಲ.

ಮೆಟ್ರೋ ಯಶವಂತಪುರದ ಮೇಲೆ ಓಡಾಡಲು ಶುರುವಾಗಿದ್ದ ಕಾಲ ಅದು. ನಮ್ಮ ಆಫೀಸು ಯಲಹಂಕ ನ್ಯೂಟೌನಿನಲ್ಲಿ, ಒಂದು ಬೇಕರಿಯ ಮೇಲಿನ ಎರಡು ಮಹಡಿಗಳಲ್ಲಿತ್ತು. ನಾವು ಫರ್ಮ್‌ವೇರ್ ಮಾಡುತ್ತಿದ್ದೆವು. ಕಂಪ್ಯೂಟರಿಗೆ ಕರೆಂಟು ಕೊಟ್ಟ ಕೂಡಲೇ, ಉಳಿದ ದೊಡ್ಡ ಪ್ರೋಗ್ರಾಂಗಳೆಲ್ಲ ಕಣ್ಣು ಬಿಡುವ ಮೊದಲು, ಬೋರ್ಡಿನ ಮೇಲೆ ಏಳುವ ಚಿಕ್ಕ ಪ್ರೋಗ್ರಾಂ ಅದು. ನಮ್ಮ ಗಿರಾಕಿ ಲೋಹ ಕಡೆಯುವ ಯಂತ್ರ ತಯಾರಿಸುವ ಒಂದು ಕಂಪನಿ. ಅವರ ಪ್ರತಿ ಯಂತ್ರದ ಬೀರುವಿನಲ್ಲೂ ಒಂದು ಕಂಪ್ಯೂಟರ್ ಇರುತ್ತಿತ್ತು. ಅದು ಕೆಟ್ಟು ಕುಳಿತರೆ ಸರ್ವೀಸ್ ಎಂಜಿನಿಯರ್ ಬಂದು ಒಂದು ಸೀಡಿ ಹಾಕಿ ಆನ್ ಮಾಡಬೇಕು, ಯಂತ್ರ ಆ ಸೀಡಿಯಿಂದಲೇ ಎದ್ದು ತನ್ನನ್ನು ತಾನು ಸರಿಮಾಡಿಕೊಳ್ಳಬೇಕು. ಅಂದರೆ ಸೀಡಿ ಓದುವ ವಿದ್ಯೆ ಫರ್ಮ್‌ವೇರಿಗೇ ಬರಬೇಕು.

ಸೀಡಿಯಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ ಎರಡು, ಒಂದು ಹಳೆಯದು, ಒಂದು ಹೊಸದು. ಹಳೆಯದನ್ನು ನಮ್ಮ ಫರ್ಮ್‌ವೇರ್ ಮೊದಲಿನಿಂದಲೂ ಓದುತ್ತಿತ್ತು. ಆ ಸಲದ ಬಿಡುಗಡೆಯಲ್ಲಿ ಹೊಸದನ್ನೂ ಸೇರಿಸಿದ್ದರು. ಡಿಸ್ಕನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ಎಣಿಸುತ್ತಾರೆ. ಡಿಸ್ಕ್ ಹೊಸ ಪದ್ಧತಿಯದಾದರೆ ಅದರ ಗುರುತು 256ನೆಯ ಸೆಕ್ಟರಿನಲ್ಲಿರುತ್ತದೆ. ಅಲ್ಲಿಲ್ಲದಿದ್ದರೆ ಕೊನೆಯ ಸೆಕ್ಟರಿನಲ್ಲಿ, ಇಲ್ಲವೇ ಅದರಿಂದ 256 ಹಿಂದಕ್ಕೆ. ನಮ್ಮದು ಮೂರೂ ಕಡೆ ಹುಡುಕಿ, ಎಲ್ಲೂ ಸಿಗದಿದ್ದರೆ ಇದು ಹಳೆಯ ಪದ್ಧತಿಯದು ಎಂದು ತೀರ್ಮಾನಿಸಿ ಮುಂದೆ ಹೋಗುತ್ತಿತ್ತು. ಇದನ್ನು ಪರೀಕ್ಷಿಸುವ ಕೆಲಸ ನನ್ನದು.

ನಾನು ಪರೀಕ್ಷಿಸುತ್ತಿದ್ದದ್ದು ವರ್ಚುವಲ್ ಮಷೀನ್‌ನಲ್ಲಿ, ನಮ್ಮ ಬಾಯಲ್ಲಿ ವಿಎಮ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಪ್ರೋಗ್ರಾಮಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರಿನಲ್ಲಿ. ಅಲ್ಲಿ ಸೀಡಿ ಎಂದರೆ ಕೈಗೆ ಸಿಗುವ ಸೀಡಿಯಲ್ಲ, ಒಂದು ಫೈಲು. ಅದಕ್ಕೆ ಇಮೇಜ್ ಎನ್ನುತ್ತೇವೆ. ನಿಜವಾದ ಬೋರ್ಡಿಗಾದರೆ ಡಿಸ್ಕ್ ತೆಗೆದು, ಇನ್ನೊಂದು ಹಾಕಿ, ಆಫ್ ಮಾಡಿ ಆನ್ ಮಾಡಿ ಕಾಯಬೇಕು. ನಾನು ಇಡೀ ವ್ಯವಸ್ಥೆಯನ್ನು ಸ್ಕ್ರಿಪ್ಟ್ ಬರೆದು ಕಟ್ಟಿದ್ದೆ. ನೂರಾ ಹನ್ನೆರಡು ಇಮೇಜುಗಳು, ಒಂದರ ಹಿಂದೊಂದು ತಾವಾಗಿಯೇ ಬೂಟ್ ಆಗಿ, ಮುಕ್ಕಾಲು ಗಂಟೆಯಲ್ಲಿ ಹಸಿರು ಬಣ್ಣದ ಪಟ್ಟಿಯೊಂದು ಬರುತ್ತಿತ್ತು. ಗಿರಾಕಿಗಳು ಬಂದಾಗ ಮ್ಯಾನೇಜರ್ ಅವರನ್ನು ನನ್ನ ಮೇಜಿನ ಹತ್ತಿರ ಕರೆತಂದು ಆ ಪಟ್ಟಿ ತೋರಿಸುತ್ತಿದ್ದರು. ನನಗೂ ಅದು ತಲೆಗೇರಿತ್ತು.

ನಿಜವಾದ ಬೋರ್ಡುಗಳು ಹಿಂದಿನ ಕೋಣೆಯಲ್ಲಿದ್ದವು. ಅದನ್ನು ಲ್ಯಾಬ್ ಎನ್ನುತ್ತಿದ್ದೆವು, ಅದನ್ನು ನೋಡಿಕೊಳ್ಳುತ್ತಿದ್ದವರನ್ನು ಲ್ಯಾಬ್ ಮೇಡಂ. ಗದಗಿನ ಕಡೆಯವರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಗಂಡನ ಜೊತೆ ಊರಿನಲ್ಲಿ ಮದುವೆ ವಿಡಿಯೋ ಸ್ಟುಡಿಯೋ ನಡೆಸಿ, ಏಳೆಂಟು ವರ್ಷ ಸೀಡಿ ಬರೆದುಕೊಟ್ಟು, ಆ ವ್ಯಾಪಾರ ಮಲಗಿದ ಮೇಲೆ ಬೆಂಗಳೂರಿಗೆ ಬಂದು ಮತ್ತಿಕೆರೆಯಲ್ಲಿ ಬಾಡಿಗೆಗಿದ್ದರು. ನಮ್ಮಲ್ಲಿಗೆ ಬಂದದ್ದು ಏಜೆನ್ಸಿಯೊಂದರ ಮೂಲಕ ಕಾಂಟ್ರಾಕ್ಟಿನ ಮೇಲೆ. ಅವರ ಬಳಿ ಒಂದು ಡಬ್ಬದ ತುಂಬ ಸೀಡಿಗಳಿದ್ದವು. ಪ್ರತಿಯೊಂದರ ಮೇಲೂ ಯಾವ ಡ್ರೈವಿನಲ್ಲಿ, ಯಾವ ವೇಗದಲ್ಲಿ, ಹೇಗೆ ಬರೆದದ್ದು ಎಂದು ಮಾರ್ಕರಿನಲ್ಲಿ ದುಂಡಗೆ ಬರೆದಿರುತ್ತಿದ್ದರು. ನಾನು ಆ ಡಬ್ಬವನ್ನು ಒಳಗೊಳಗೇ ತಮಾಷೆ ಮಾಡುತ್ತಿದ್ದೆ. ಒಮ್ಮೊಮ್ಮೆ ಹೊರಗೂ ಮಾಡಿದ್ದೇನೆ.

ಅವರು ಬರೆದ ದೋಷವರದಿ ಹೀಗಿತ್ತು. ಹಳೆಯ ಪದ್ಧತಿಯ ಒಂದು ಸೀಡಿ ಹಾಕಿ ಬೋರ್ಡ್ ಆನ್ ಮಾಡಿದರೆ ಪರದೆ ಹತ್ತು ನಿಮಿಷ ಕಪ್ಪಾಗಿಯೇ ಇರುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಬೂಟ್ ಆಗುತ್ತದೆ. ಕೆಳಗೆ ಇನ್ನೂ ಒಂದು ಪುಟ ವಿವರವಿತ್ತು. ಡ್ರೈವಿನ ಸಪ್ಪಳದ ಬಗ್ಗೆಯೂ ಬರೆದಿದ್ದರು. ಓದುವ ಕಣ್ಣು ಡಿಸ್ಕಿನ ಬರೆದ ಭಾಗದ ಅಂಚಿಗೆ ಹೋಗಿ ಹಿಂದಕ್ಕೆ ಬರುವ ಸದ್ದು ಮತ್ತೆ ಮತ್ತೆ ಕೇಳುತ್ತದೆ ಎಂದು. ನಾನು ಮೊದಲ ನಾಲ್ಕು ಸಾಲು ಓದಿ, ಸಪ್ಪಳದ ಸಾಲು ಕಣ್ಣಿಗೆ ಬಿದ್ದಾಗ ನಕ್ಕು, ಅಲ್ಲಿಗೇ ನಿಲ್ಲಿಸಿದೆ.

ನನ್ನ ಕುರ್ಚಿಯಿಂದ ಲ್ಯಾಬಿಗೆ ಹದಿನೈದು ಹೆಜ್ಜೆ. ಹೋಗಿ ಡಿಸ್ಕ್ ಹಾಕಿ ಹತ್ತು ನಿಮಿಷ ನಿಂತಿದ್ದರೆ ಮುಗಿದಿತ್ತು. ಹೋಗಲಿಲ್ಲ. ಆ ಸೀಡಿಯನ್ನು ತರಿಸಿಕೊಂಡು, ನನ್ನ ಕಂಪ್ಯೂಟರಿನಲ್ಲಿ ಹಾಕಿ, ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿ ಇಮೇಜ್ ತಯಾರಿಸಿದೆ. ನಕಲು ಮಾಡುವ ಪ್ರೋಗ್ರಾಂ ಕೊನೆಯಲ್ಲಿ ಒಂದು ಸಾಲು ತೋರಿಸಿತು: ಕೊನೆಯ ಎರಡು ಸೆಕ್ಟರ್ ಓದಲಾಗಲಿಲ್ಲ. ನಾನು ಅದನ್ನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಓಹೋ, ಡಿಸ್ಕ್ ಕೆಟ್ಟಿದೆ, ಅದಕ್ಕೇ ಇವರಿಗೆ ಹೀಗಾಗಿದೆ ಎಂದುಕೊಂಡೆ. ಇಮೇಜನ್ನು ವರ್ಚುವಲ್ ಮಷೀನಿಗೆ ಕೊಟ್ಟೆ, ನಾಲ್ಕು ಸೆಕೆಂಡಿನಲ್ಲಿ ಬೂಟ್ ಆಯಿತು. ಮೂರು ವಾಕ್ಯ ಬರೆದು ವರದಿಯನ್ನು ಅಸಿಂಧು ಎಂದು ಮುಚ್ಚಿದೆ.

ಅಸಿಂಧು ಎಂಬ ಆ ಮುದ್ರೆಗೆ ನಮ್ಮ ಆಫೀಸಿನಲ್ಲಿ ಬೆಲೆಯಿತ್ತು. ಮೂರು ತಿಂಗಳಿಗೊಮ್ಮೆ ಮ್ಯಾನೇಜರ್ ಕಾಂಟ್ರಾಕ್ಟಿನವರ ಹೆಸರಿನ ಒಂದು ಹಾಳೆ ತಯಾರಿಸುತ್ತಿದ್ದರು. ಎಷ್ಟು ಬಗ್ ಸಿಂಧು, ಎಷ್ಟು ಅಸಿಂಧು. ಅಸಿಂಧು ನಾಲ್ಕಾದರೆ ಏಜೆನ್ಸಿಯವರು ಆ ವ್ಯಕ್ತಿಯ ಕಾಂಟ್ರಾಕ್ಟ್ ಮುಂದುವರಿಸುತ್ತಿರಲಿಲ್ಲ. ಲ್ಯಾಬ್ ಮೇಡಂ ಅವರದು ಅದಾಗಲೇ ಮೂರು ಇದ್ದವು, ಮೂರನ್ನೂ ಮುಚ್ಚಿದವನು ನಾನೇ. ಆ ಮೂರು ಸರಿಯಾಗಿಯೇ ಮುಚ್ಚಿದ್ದೆ ಎಂದು ಇವತ್ತಿಗೂ ಅಂದುಕೊಂಡಿದ್ದೇನೆ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಮಾರನೆಯ ದಿನ ಅವರು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಬೇರೊಂದು ಸೀಡಿ ಇತ್ತು.

“ಇದು ಹೊಸಾ ಡಿಸ್ಕ್ ಐತ್ರಿ ಸರ್, ಬ್ಯಾರೆ ಕಂಪನಿದು. ನಿನ್ನೆ ಸಂಜಿಕ ಬರದೇನಿ. ಅದೂ ಹಂಗ ಮಾಡಾಕತ್ತೈತಿ.”

“ಇಮೇಜ್ ಮಾಡಿ ಕಳಿಸಿ ಮೇಡಂ, ನೋಡ್ತೀನಿ.”

“ಇಮೇಜ್ ಮಾಡಿದ್ರ ಅದರ ರೋಗ ಹೋಗತೈತ್ರಿ. ನೀವು ಡಿಸ್ಕ್ ಹಾಕಿ ನೋಡ್ರಿ. ಒಂದ ಸಲ ಬಂದು ಆ ಸಪ್ಪಳ ಕೇಳ್ರಿ.”

“ಸಪ್ಪಳಾನ ಬಗ್ ಅಂತ ಹಾಕೋಕಾಗಲ್ಲ ಮೇಡಂ. ವಿಎಮ್‌ನಲ್ಲಿ ಬಂದ್ರೆ ಬಗ್, ಬರ್ಲಿಲ್ಲ ಅಂದ್ರೆ ಡಿಸ್ಕ್ ಸರಿ ಇಲ್ಲ ಅಂತ.”

ಅವರು ದನಿ ತಗ್ಗಿಸಿ ಹೇಳಿದರು. “ಇದು ನಾಕನೇದು ಸರ್. ಇದು ಹೋತಂದ್ರ ಈ ತಿಂಗಳ ಕಡೀಕ ನನ್ನ ಕಾಂಟ್ರಾಕ್ಟ್ ಹೋಗತೈತಿ. ಅದಕ್ಕ ಕೇಳಾಕತ್ತೇನಿ.”

ನನಗೆ ಸಿಟ್ಟು ಬಂತು. ಕಾಂಟ್ರಾಕ್ಟಿನ ವಿಷಯ ತಂದು ನನ್ನ ತೀರ್ಪು ಬದಲಿಸಲು ನೋಡುತ್ತಿದ್ದಾರೆ ಅನ್ನಿಸಿತು. “ನೋಡೋಣ ಮೇಡಂ” ಎಂದು ಪರದೆಯ ಕಡೆ ತಿರುಗಿದೆ. ಅವರು ಸೀಡಿಯನ್ನು ನನ್ನ ಕೀಬೋರ್ಡಿನ ಪಕ್ಕದಲ್ಲಿಟ್ಟು ಹೋದರು. ನಾನದನ್ನು ಡ್ರಾಯರಿಗೆ ಹಾಕಿದೆ.

ಮುಂದಿನ ಮಂಗಳವಾರ ಗಿರಾಕಿ ಕಂಪನಿಯಿಂದ ಮ್ಯಾನೇಜರಿಗೆ ಫೋನ್ ಬಂತು. ಪರೀಕ್ಷೆಗೆಂದು ಕೊಟ್ಟಿದ್ದ ನಮ್ಮ ಹೊಸ ಫರ್ಮ್‌ವೇರನ್ನು ಒಂದು ಯಂತ್ರಕ್ಕೆ ಹಾಕಿದ್ದಾರೆ, ಸೀಡಿ ಹಾಕಿದರೆ ಯಂತ್ರ ಏಳುತ್ತಿಲ್ಲ. ಯಾರಾದರೂ ಬಂದು ನೋಡಿ ಎಂದರಂತೆ. ಮ್ಯಾನೇಜರ್ ನನ್ನ ಹತ್ತಿರ ಬಂದು, “ಗುರು, ಒಂದ್ಸಲ ಯಶವಂತಪುರಕ್ಕೆ ಹೋಗ್ಬಾ. ನಿನ್ ವಿಎಮ್‌ನಲ್ಲಿ ಎಲ್ಲಾ ಪಾಸ್ ಆಗಿದೆ ತಾನೆ? ಅವರದೇ ಏನೋ ಎಡವಟ್ಟಿರ್ಬೇಕು” ಎಂದರು. ನನ್ನದೂ ಅದೇ ನಂಬಿಕೆ. ಗಾಡಿ ತೆಗೆದುಕೊಂಡು ಹೋದೆ.

ಅದು ತಗಡಿನ ಮಾಡಿನ ದೊಡ್ಡ ಶೆಡ್ಡು. ಎಣ್ಣೆಯ ವಾಸನೆ, ಕಡೆದ ಲೋಹದ ಚೂರು. ಮೂಲೆಯಲ್ಲಿದ್ದ ಯಂತ್ರದ ಬೀರು ತೆರೆದು ಸರ್ವೀಸ್ ಎಂಜಿನಿಯರ್ ನನಗಾಗಿ ಕಾಯುತ್ತಿದ್ದ. ಸೀಡಿ ಒಳಗೆ ತಳ್ಳಿ ಸ್ವಿಚ್ ಹಾಕಿದ.

“ಕೂತ್ಕೊಳ್ಳಿ ಸರ್, ಟೀ ತರಿಸ್ತೀನಿ. ಏಳೋದೇ ಇಲ್ಲ ಅಂತಲ್ಲ, ಹತ್ತು ನಿಮಿಷ ಬೇಕು ಇದಕ್ಕೆ. ಅಷ್ಟೊತ್ತು ಕಪ್ಪು ಸ್ಕ್ರೀನ್ ನೋಡ್ತಾ ನಿಂತ್ರೆ ಗಿರಾಕಿ ನನ್ ಮುಖಕ್ಕೆ ಉಗಿಯಲ್ವಾ?”

ನಾನು ಕೂರಲಿಲ್ಲ. ಬೀರುವಿನ ಹತ್ತಿರ ಹೋಗಿ ಬಗ್ಗಿ ಕಿವಿಯಿಟ್ಟೆ. ಡ್ರೈವಿನೊಳಗೆ ಸರ್ರೆಂದು ಏನೋ ಹೊರಕ್ಕೆ ಜಾರಿ, ಟಕ್ಕೆಂದು ನಿಂತು, ಮತ್ತೆ ಒಳಕ್ಕೆ ಬರುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ ಹಾಗೆಯೇ. ಗಡಿಯಾರ ನೋಡಿದೆ. ಇಪ್ಪತ್ತು ಸೆಕೆಂಡಿಗೊಮ್ಮೆ. ಲ್ಯಾಬ್ ಮೇಡಂ ಬರೆದಿದ್ದ ಆ ಸದ್ದನ್ನು ನಾನು ಇಷ್ಟು ದೂರ ಬಂದು, ಬೇರೆಯವರ ಶೆಡ್ಡಿನಲ್ಲಿ ಕೇಳುತ್ತಿದ್ದೆ.

ಆ ಸೀಡಿಯನ್ನು ಬರೆದದ್ದು ಹೇಗೆ ಎಂದು ಕೇಳಿದೆ. ತನ್ನ ಲ್ಯಾಪ್‌ಟಾಪಿನಲ್ಲಿ ಎಂದ. ಪ್ರೋಗ್ರಾಂ ತೆರೆದು ತೋರಿಸಿದ. ಒಮ್ಮೆಲೇ ಇಡೀ ಡಿಸ್ಕ್ ಬರೆಯುವ ಬದಲು ಒಂದೊಂದು ಟ್ರ್ಯಾಕ್, ಅಂದರೆ ಒಂದೊಂದು ಭಾಗ, ಬರೆದು ನಿಲ್ಲಿಸುವ ಕ್ರಮಕ್ಕೆ ಟಿಕ್ ಹಾಕಿತ್ತು. “ಎಲ್ರೂ ಹಿಂಗೇ ಬರೆಯೋದು ಸರ್, ಮೊದಲಿಂದಲೂ. ಹಳೇ ಫರ್ಮ್‌ವೇರ್‌ನಲ್ಲಿ ಏನೂ ತೊಂದ್ರೆ ಇರ್ಲಿಲ್ಲ.” ಆ ಸೀಡಿಯನ್ನು ಇಸಿದುಕೊಂಡು ವಾಪಸ್ ಬಂದೆ. ಹೆಬ್ಬಾಳದ ಫ್ಲೈಓವರಿನ ಕೆಳಗೆ ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ಹಸಿರು ದೀಪ ಬಂದದ್ದು ತಿಳಿದದ್ದು.

ಬುಧವಾರ ಬೆಳಿಗ್ಗೆ ಮೊದಲ ಕೆಲಸವಾಗಿ, ಮುಚ್ಚಿದ ಆ ವರದಿಯನ್ನು ಪರದೆಗೆ ತಂದು ಪೂರ್ತಿ ಓದಿದೆ. ಕೆಳಗಿನ ಆ ಒಂದು ಪುಟದಲ್ಲಿ ಎಲ್ಲವೂ ಇತ್ತು. ಎಂಟು ಸೀಡಿಗಳನ್ನು ನಾಲ್ಕು ನಾಲ್ಕರಂತೆ ಎರಡೂ ಕ್ರಮದಲ್ಲಿ ಬರೆದು ನೋಡಿದ್ದರು. ಒಮ್ಮೆಲೇ ಬರೆದ ನಾಲ್ಕು ಸರಿಯಾಗಿ ಬೂಟ್ ಆಗಿದ್ದವು, ಟ್ರ್ಯಾಕ್ ಬರೆದು ನಿಲ್ಲಿಸಿದ ನಾಲ್ಕೂ ಹತ್ತು ನಿಮಿಷ ಸತಾಯಿಸಿದ್ದವು. ಕೊನೆಯ ಸಾಲಿನಲ್ಲಿ, ಬಹುಶಃ ಫರ್ಮ್‌ವೇರ್ ಡಿಸ್ಕಿನ ಅಂಚಿನಲ್ಲಿ ಏನನ್ನೋ ಓದಲು ಹೋಗಿ ಸಿಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂದೂ ಬರೆದಿದ್ದರು. ಒಡೆದ ಇಂಗ್ಲಿಷು, ಆದರೆ ಒಂದು ಅಕ್ಷರವೂ ತಪ್ಪಲ್ಲ. ನಾನು ಮಾಡಬೇಕಾಗಿದ್ದ ಕೆಲಸವನ್ನು ಅವರು ಮಾಡಿಟ್ಟಿದ್ದರು.

ಉಳಿದದ್ದನ್ನು ಅಳೆದು ನೋಡಿದೆ. ಡ್ರೈವಿಗೆ ಡಿಸ್ಕಿನಲ್ಲಿ ಎಷ್ಟು ಸೆಕ್ಟರ್ ಇವೆ ಎಂದು ಕೇಳಿ, ಆ ಲೆಕ್ಕವನ್ನು ನನ್ನ ಇಮೇಜ್ ಫೈಲಿನ ಅಳತೆಯ ಪಕ್ಕದಲ್ಲಿಟ್ಟೆ. ಫೈಲು 4096 ಬೈಟ್ ಕಡಿಮೆಯಿತ್ತು. ಒಂದು ಸೆಕ್ಟರಿಗೆ 2048 ಬೈಟ್, ಅಂದರೆ ಸರಿಯಾಗಿ ಎರಡು ಸೆಕ್ಟರ್. ಟ್ರ್ಯಾಕ್ ಬರೆದು ನಿಲ್ಲಿಸುವ ಕ್ರಮದಲ್ಲಿ ಡ್ರೈವು ತನ್ನ ಬರೆಯುವ ಲೇಸರ್ ಬೆಳಕನ್ನು ಆರಿಸುವಾಗ ಕೊನೆಯಲ್ಲಿ ಎರಡು ಸೆಕ್ಟರ್ ಉಳಿಸಿಬಿಡುತ್ತದೆ. ಅವು ಲೆಕ್ಕಕ್ಕೆ ಸೇರುತ್ತವೆ, ಆದರೆ ಓದಲು ಬರುವುದಿಲ್ಲ. ಅದು ಡಿಸ್ಕಿನ ದೋಷವಲ್ಲ, ಹಾಗೆ ಬರೆದ ಎಲ್ಲ ಡಿಸ್ಕುಗಳ ಗುಣವೇ ಅದು. ಹೊಸ ಪದ್ಧತಿಯ ಗುರುತನ್ನು ಹುಡುಕುತ್ತ ನಮ್ಮ ಫರ್ಮ್‌ವೇರ್ ಕೊನೆಯ ಸೆಕ್ಟರಿಗೆ ಹೋಗಿ, ಓದಲಾಗದೆ, ಮೂವತ್ತು ಸಲ ಮರಳಿ ಯತ್ನಿಸುತ್ತಿತ್ತು. ಒಂದೊಂದಕ್ಕೆ ಇಪ್ಪತ್ತು ಸೆಕೆಂಡು. ಹತ್ತು ನಿಮಿಷ.

ಇಮೇಜ್ ಮಾಡುವಾಗ ನಕಲು ಮಾಡುವ ಪ್ರೋಗ್ರಾಂ ಆ ಎರಡು ಸೆಕ್ಟರುಗಳನ್ನು ಬಿಟ್ಟುಬಿಡುತ್ತದೆ. ಫೈಲಿನಲ್ಲಿ ಓದಲಾಗದ ಜಾಗವೇ ಇರುವುದಿಲ್ಲ. ಅಕ್ಕಿಯ ಕಲ್ಲು ಆರಿಸಿ ಎಸೆದು, ಅಕ್ಕಿಯಲ್ಲಿ ಕಲ್ಲೇ ಇಲ್ಲವಲ್ಲ ಎಂದಂತಿತ್ತು ನನ್ನ ಪರೀಕ್ಷೆ. ನೂರಾ ಹನ್ನೆರಡು ಇಮೇಜುಗಳೂ ಹೀಗೆ ಆರಿಸಿದವೇ. ಲ್ಯಾಬ್ ಮೇಡಂ ಒಂದೇ ಮಾತಿನಲ್ಲಿ ಹೇಳಿದ್ದರು, ಇಮೇಜ್ ಮಾಡಿದರೆ ರೋಗ ಹೋಗುತ್ತದೆ ಎಂದು.

ವರ್ಚುವಲ್ ಮಷೀನಿಗೂ ಇಮೇಜ್ ಫೈಲಿಗೂ ನಡುವೆ ಕೂರುವ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಫೈಲಿನ ಅಳತೆಗೆ ಎರಡು ಸೆಕ್ಟರ್ ಸೇರಿಸಿ ಹೇಳುವುದು, ಆ ಎರಡನ್ನು ಯಾರಾದರೂ ಓದಲು ಬಂದರೆ ಇಪ್ಪತ್ತು ಸೆಕೆಂಡು ಕಾಯಿಸಿ ಆಗುವುದಿಲ್ಲ ಎನ್ನುವುದು, ಅಷ್ಟೇ ಅದರ ಕೆಲಸ. ಓಡಿಸಿದೆ. ವರ್ಚುವಲ್ ಮಷೀನಿನ ಪರದೆಯೂ ಕಪ್ಪಾಗಿ ಕುಳಿತಿತು. ಆ ಕ್ಷಣದ ಖುಷಿಯನ್ನು ಮುಚ್ಚಿಡುವುದಿಲ್ಲ. ಯಾವ ಪರೀಕ್ಷಕನಿಗಾದರೂ ಅದು ಹಬ್ಬವೇ. ಐದು ನಿಮಿಷ ಹಾಗೆಯೇ ಖುಷಿಯಾಗಿದ್ದೆ. ಆಮೇಲೆ ಇದನ್ನು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆ ಎದ್ದಿತು.

ಮುಚ್ಚಿದ ವರದಿಯನ್ನು ಮತ್ತೆ ತೆರೆಯುವ ಬಟನ್ ಒಂದು, ಹೊಸ ವರದಿ ಬರೆಯುವ ಬಟನ್ ಇನ್ನೊಂದು. ಮತ್ತೆ ತೆರೆದರೆ ಮ್ಯಾನೇಜರಿಗೆ, ಪ್ರೋಗ್ರಾಮರಿಗೆ, ಗಿರಾಕಿ ಕಂಪನಿಗೆ ಎಲ್ಲರಿಗೂ ತಾನಾಗಿಯೇ ಮೇಲ್ ಹೋಗುತ್ತದೆ. ಆ ಮೇಲಿನಲ್ಲಿ ನನ್ನ ಮೂರು ವಾಕ್ಯಗಳೂ ಇರುತ್ತವೆ. ಬಗ್ ದಾಖಲಿಸುವ ಮೊದಲು ಡಿಸ್ಕ್ ಸರಿಯಿದೆಯೇ ನೋಡಿಕೊಳ್ಳಿ. ಅದನ್ನು ಗಿರಾಕಿ ಓದುವುದನ್ನು ನೆನೆದು ಕಿವಿ ಬಿಸಿಯಾಯಿತು. ಹೊಸದನ್ನು ಬರೆದರೆ ಇದಾವುದೂ ಇಲ್ಲ. ಬಗ್ ಸರಿಯಾಗುತ್ತದೆ, ಮುಖ್ಯವಾದದ್ದು ಅದೇ ತಾನೆ, ಲ್ಯಾಬ್ ಮೇಡಂ ವಿಷಯ ಮ್ಯಾನೇಜರಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡು ಹೊಸ ವರದಿ ಬರೆದೆ. ಕಂಡುಹಿಡಿದವರು ಎಂಬಲ್ಲಿ ನನ್ನ ಹೆಸರು ತಾನಾಗಿಯೇ ಬಂತು. ಅಳಿಸಿ ಬೇರೆ ಹೆಸರು ಹಾಕಲು ಅಲ್ಲಿ ಅವಕಾಶವಿತ್ತು.

ಗುರುವಾರ ಸಂಜೆಯೊಳಗೆ ಪ್ರೋಗ್ರಾಮರ್ ಅದನ್ನು ಸರಿಪಡಿಸಿದ. ಕೊನೆಯ ಸೆಕ್ಟರ್ ಓದಲಾಗದಿದ್ದರೆ ಮತ್ತೆ ಯತ್ನಿಸದೆ, ಗುರುತು ಅಲ್ಲಿಲ್ಲ ಎಂದುಕೊಂಡು ಮುಂದೆ ಹೋಗುವುದು. ಐದಾರು ಸಾಲಿನ ಬದಲಾವಣೆ. ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಇಡೀ ಆಫೀಸಿಗೆ ಒಂದು ಮೇಲ್ ಕಳಿಸಿದರು. ನಿಜವಾದ ಡಿಸ್ಕಿನ ನಡವಳಿಕೆಯನ್ನು ವರ್ಚುವಲ್ ಮಷೀನಿನಲ್ಲಿ ಮರುಸೃಷ್ಟಿಸಿ ಬಿಡುಗಡೆಯ ಮಾನ ಉಳಿಸಿದ್ದಕ್ಕೆ ನನ್ನ ಹೆಸರು ಹಾಕಿ ಅಭಿನಂದನೆ. ಪಕ್ಕದ ಮೇಜಿನವನು ಬಂದು ಬೆನ್ನು ತಟ್ಟಿ, “ಏನ್ ಮಚ್ಚಾ, ಟ್ರೀಟ್ ಯಾವಾಗ?” ಎಂದ. ನಾನು ನಕ್ಕೆ.

ಅದೇ ದಿನ ತಿಂಗಳ ಕೊನೆಯ ಕೆಲಸದ ದಿನ. ಏಜೆನ್ಸಿಯವರು ಕೊನೆಯ ದಿನ ಮಧ್ಯಾಹ್ನವೇ ಪಟ್ಟಿ ಕಳಿಸುವುದು ರೂಢಿ. ಮುಂದುವರಿಯುವವರ ಪಟ್ಟಿಯಲ್ಲಿ ಲ್ಯಾಬ್ ಮೇಡಂ ಹೆಸರಿರಲಿಲ್ಲ. ಮ್ಯಾನೇಜರಿಗೆ ಬಾಯಲ್ಲಿ ಹೇಳುವುದು ನನ್ನಿಂದ ಇನ್ನೂ ಆಗಿರಲಿಲ್ಲ. ಬುಧವಾರ ಅವರು ಮೀಟಿಂಗಿನಲ್ಲಿದ್ದರು, ಗುರುವಾರ ಫೋನಿನಲ್ಲಿದ್ದರು, ಶುಕ್ರವಾರ ಅಂಥ ಮೇಲ್ ಬಂದ ಮೇಲೆ ಹೇಗೆ ಹೇಳುವುದು. ನಾಲ್ಕು ಗಂಟೆಗೆ ಲ್ಯಾಬ್ ಮೇಡಂ ತಮ್ಮ ಕೋಣೆಯ ಬೀರುವಿನ ಬೀಗದ ಕೈಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು.

“ನಿಮ್ಮ ಹೊಸಾ ಬಗ್ ಓದಿದೆ ಸರ್” ಎಂದರು. “ಚಲೋ ಬರದೀರಿ.”

ಮುಖದಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಹೇಳಲಾರೆ. ನಾನು ತಲೆಯೆತ್ತಿ ನೋಡಿದ್ದರೆ ತಾನೆ.

ಶನಿವಾರ, ಭಾನುವಾರ ಅಟ್ಟೂರಿನ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಊಟ ಸೇರಲಿಲ್ಲ. ನನಗೆ ನನ್ನ ಬಗ್ಗೆ ಹೇಸಿಗೆಯಾಗಿತ್ತು, ಅದನ್ನು ಮನೆಯವರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಭಾನುವಾರ ಸಂಜೆ, ಗಾಡಿ ತೊಳೆಯುತ್ತಿದ್ದಾಗ, ನಾಳೆ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ. ಸೋಮವಾರ ಮ್ಯಾನೇಜರ್ ಬಂದು ಬ್ಯಾಗ್ ಇಡುವ ಮೊದಲೇ ಅವರ ಕೋಣೆಗೆ ಹೋದೆ.

“ಆ ಬಗ್ ನಂದಲ್ಲ ಸರ್. ಲ್ಯಾಬ್ ಮೇಡಂದು. ಎರಡು ವಾರದ ಹಿಂದೇನೇ ಹಾಕಿದ್ರು. ನಾನು ಡಿಸ್ಕ್ ಹಾಕಿ ನೋಡ್ದೇನೆ ಮುಚ್ಚಿದೆ.”

ಅವರು ಬ್ಯಾಗನ್ನು ಕೆಳಗಿಟ್ಟರು. “ಏನ್ ಗುರು ಹಿಂಗ್ ಹೇಳ್ತೀಯ? ಇಡೀ ಆಫೀಸಿಗೆ ಮೇಲ್ ಹಾಕಿದೀನಿ.”

“ಗೊತ್ತು ಸರ್. ಅವ್ರ ನಾಲ್ಕನೇ ಅಸಿಂಧು ಅದೇ. ಅದರಿಂದಾನೇ ಪಟ್ಟಿಯಿಂದ ಹೋದ್ರು.”

ಮ್ಯಾನೇಜರ್ ಕೆಟ್ಟವರಲ್ಲ. “ಸರಿ, ತಿದ್ದೋಣ” ಎಂದರು. ನನ್ನ ವರದಿಯನ್ನು ನಕಲು ಎಂದು ಮುಚ್ಚಬೇಕು, ಅವರದನ್ನು ತೆರೆದು ಸಿಂಧು ಎನ್ನಬೇಕು, ಎಲ್ಲರಿಗೂ ಹೊಸ ಮೇಲ್ ಹಾಕಬೇಕು, ಏಜೆನ್ಸಿಗೂ ಒಂದು. “ನೀನೇ ಬರಿ. ಹೊಸದು ಬರೆಯೋವಾಗ ನಿಂಗೆ ಅವ್ರ ಬಗ್ ನೆನಪಿರ್ಲಿಲ್ಲ ಅಲ್ವಾ? ಕಣ್ತಪ್ಪಿನಿಂದ ಅಂತ ಹಾಕು. ಗಿರಾಕಿನೂ ಓದ್ತಾರೆ.” ನೆನಪಿತ್ತು ಎಂದು ನಾನು ಹೇಳಲಿಲ್ಲ. ಕಣ್ತಪ್ಪಿನಿಂದ ಎಂದೇ ಬರೆದೆ. ಮೇಲ್ ಕಳಿಸಿದೆ. ಆ ಒಂದು ಪದದ ಹಿಂದೆ ನಾನು ಆರಾಮಾಗಿ ಅಡಗಿದ್ದೆ.

ಏಜೆನ್ಸಿಯವರು ಒಪ್ಪಿದರು. ಮುಂದಿನ ಸೋಮವಾರದಿಂದ ಬರಬಹುದು ಎಂದರು. ಲ್ಯಾಬ್ ಮೇಡಂ ಅವರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. “ನೀನೇ ಹೋಗಿ ಹೇಳಿ ಕರ್ಕೊಂಡ್ ಬಾ ಗುರು” ಎಂದರು ಮ್ಯಾನೇಜರ್. ಭಾನುವಾರ ಬೆಳಿಗ್ಗೆ ಆ ಮೇಲ್ ಪ್ರಿಂಟ್ ತೆಗೆಸಿಕೊಂಡು ಮತ್ತಿಕೆರೆಗೆ ಹೋದೆ. ಕಾಲೇಜು ಹುಡುಗರ ರೂಮುಗಳೇ ತುಂಬಿದ ಕಟ್ಟಡ, ಅದರ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಗಂಡ ಯಾವುದೋ ಮದುವೆಯ ಕ್ಯಾಮೆರಾ ಕೆಲಸಕ್ಕೆ ಹೋಗಿದ್ದರಂತೆ. ಅವರು ಚಾಪೆ ಹಾಸಿ, ಕುಳಿತುಕೊಳ್ಳಲು ಹೇಳಿ, ಹಾಳೆಯನ್ನು ನಿಧಾನವಾಗಿ ಎರಡು ಸಲ ಓದಿದರು. ಮುಖ ಸಡಿಲವಾಯಿತು.

“ನನ್ನ ಹೆಸರು ಗಿರಾಕಿಗೂ ಹೋಗೇತೇನ್ರಿ?”

“ಹೂಂ ಮೇಡಂ. ಎಲ್ರಿಗೂ ಹೋಗಿದೆ. ಸೋಮವಾರದಿಂದ ಬನ್ನಿ ಅಂತ ಮ್ಯಾನೇಜರ್ ಹೇಳಿದ್ದಾರೆ.”

“ಆತ್ರಿ” ಎಂದು ಒಳಗೆ ಹೋಗಿ ಚಹಾ ಮಾಡಿ ತಂದರು. ಲೋಟ ನನ್ನ ಮುಂದಿಟ್ಟು ಎದುರಿಗೆ ಕುಳಿತು, ಹಾಳೆಯನ್ನು ಮತ್ತೊಮ್ಮೆ ತೆಗೆದುಕೊಂಡರು. “ಒಂದ್ ಮಾತ್ ಕೇಳ್ತೇನ್ರಿ ಸರ್. ಕಣ್ತಪ್ಪು ಅಂತ ಬರದೀರಿ ಇಲ್ಲೆ. ಹೊಸಾ ಬಗ್ ಬರಿಯೋ ಮುಂದ ನನ್ನ ಬಗ್ ನಿಮಗ ನೆನಪಿತ್ತೋ ಇಲ್ಲೋ?”

ಹಾಳೆಯಲ್ಲಿದ್ದದ್ದನ್ನೇ ಬಾಯಲ್ಲೂ ಹೇಳಿದ್ದರೆ ಸಾಕಿತ್ತು. “ನೆನಪಿತ್ತು” ಎಂದೆ.

“ಗುರುವಾರ ಊಟಕ್ಕ ಕುಂತಾಗ?”

“ಆಗ್ಲೂ ನೆನಪಿತ್ತು ಮೇಡಂ.”

ಆ ಗುರುವಾರದ ಊಟವನ್ನು ನಾನು ಮೇಲೆ ಬರೆಯದೆ ದಾಟಿಸಿದ್ದೇನೆ. ಅವತ್ತು ಕ್ಯಾಂಟೀನಿನ ಮೇಜಿನಲ್ಲಿ ನಾವಿಬ್ಬರೇ ಇದ್ದೆವು. ಅವರು ತಮ್ಮ ಡಬ್ಬಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ನನ್ನ ತಟ್ಟೆಗೆ ಹಾಕಿ, ನಾಳೆ ಪಟ್ಟಿ ಬರುತ್ತದಂತೆ, ಆ ಡಿಸ್ಕಿನದು ಏನಾದರೂ ಗೊತ್ತಾಯಿತೇ ಎಂದು ಕೇಳಿದ್ದರು. ಹೊಸ ವರದಿ ಬರೆದು ಆಗಲೇ ಒಂದು ದಿನವಾಗಿತ್ತು. ನಾನು ಅವರ ರೊಟ್ಟಿ ಅಗಿಯುತ್ತ, “ನೋಡ್ತಾ ಇದೀನಿ ಮೇಡಂ, ಟೆನ್ಷನ್ ತಗೋಬೇಡಿ” ಎಂದಿದ್ದೆ.

ಅವರು ಹಾಳೆಯನ್ನು ಮಡಿಚಿ ನನ್ನ ಕಡೆ ಸರಿಸಿದರು. ಸಿಟ್ಟು ಮಾಡಲಿಲ್ಲ, ದನಿಯೂ ಏರಲಿಲ್ಲ.

“ಮರ್ತಿದ್ದೆ ಅಂದಿದ್ರ ನಾಳಿಂದನ ಬರ್ತಿದ್ನ್ರಿ ಸರ್. ಮಂದಿ ಮರೀತಾರ. ಈಗ ನಾ ಬರಂಗಿಲ್ಲ. ಚಹಾ ಆರ್ತೈತಿ, ಕುಡೀರಿ.”

ಕುಡಿದೆ. ಮೆಟ್ಟಿಲಿಳಿದು ಬಂದೆ. ಸೋಮವಾರ ಮ್ಯಾನೇಜರ್ ಕೇಳಿದಾಗ, ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ ಸರ್, ಬರಲ್ಲವಂತೆ ಎಂದೆ. ಅವರಿಗೆ ಎಲ್ಲೂ ಕೆಲಸ ಸಿಕ್ಕಿರಲಿಲ್ಲ.